ಕಂಪನಿಯ ಅಂಗೈ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಂಗೈಯಕ್ಕ ಎಂದೇ ಕರೆಯುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಸ್ಪೋರ್ಟ್ಸ್ ಕಾರುಗಳ ಮೈ. ಎಂಜಿನ್ನು ಬೇರೆಲ್ಲೋ, ಚಕ್ರ ಇನ್ನೆಲ್ಲೋ. ಇಲ್ಲಿ ಬರೀ ಬಾನೆಟ್ಟು, ಬಾಗಿಲು, ಮಡ್‌ಗಾರ್ಡು, ಮೇಲಿನ ಚಾವಣಿ. ಅಲ್ಯೂಮಿನಿಯಂ ತಗಡು ಒಂದು ಕಡೆಯಿಂದ ಪ್ರೆಸ್ಸಿನೊಳಗೆ ಹೋಗುತ್ತಿತ್ತು, ಮೇಲಿನಿಂದ ಮನೆಯಷ್ಟು ದೊಡ್ಡ ಅಚ್ಚು ಧಡ್ ಎಂದು ಬೀಳುತ್ತಿತ್ತು, ಇನ್ನೊಂದು ಕಡೆಯಿಂದ ಬಾನೆಟ್ಟು ಹೊರಗೆ ಬರುತ್ತಿತ್ತು. ನೋಡುವವರಿಗೆ ಇಷ್ಟೇ. ಆದರೆ ಅಲ್ಯೂಮಿನಿಯಂ ಹಟಮಾರಿ ಲೋಹ. ಒತ್ತಿದಾಗ ಹೇಳಿದಂತೆ ಕೇಳಿದ ಹಾಗೆ ಮಾಡಿ, ಕೈ ಬಿಟ್ಟ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುತ್ತದೆ. ಮದುವೆಯಾದ ಹೊಸದರಲ್ಲಿ ಅಂಗೈಯಕ್ಕನ ಗಂಡನೂ ಹೀಗೇ ಇದ್ದ. ಅಚ್ಚಿನೊಳಗೆ ಒಂದು ಧೂಳಿನ ಕಣ ಉಳಿದಿದ್ದರೂ ಸಾಕು, ತಗಡಿನ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತಿತ್ತು. ಕಣ್ಣಿಗೆ ಇದೊಂದೂ ಕಾಣುವುದಿಲ್ಲ. ಬಣ್ಣ ಹೊಡೆದು ಫಳಫಳ ಮಾಡಿದ ಮೇಲಷ್ಟೇ, ಬೀದಿದೀಪದ ಬೆಳಕು ಅದರ ಮೇಲೆ ಹಾವಿನಂತೆ ಹರಿದು ಗುಟ್ಟು ರಟ್ಟು ಮಾಡುತ್ತದೆ.

ಅದಕ್ಕೇ ಅಂಗೈಯಕ್ಕ. ತೆಳ್ಳನೆಯ ಹತ್ತಿಯ ಕೈಗವಸು ತೊಟ್ಟು, ಬಲ ಅಂಗೈಯನ್ನು ಚಪ್ಪಟೆಯಾಗಿ ತಗಡಿನ ಮೇಲಿಟ್ಟು, ಮಗುವಿನ ಬೆನ್ನು ಸವರುವಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿಕೊಂಡು ಹೋಗುತ್ತಿದ್ದಳು. ಎಲ್ಲಾದರೂ ಏರುಪೇರು ತಗಲಿದರೆ ಮೇಣದ ಪೆನ್ಸಿಲಿನಿಂದ ಅಲ್ಲೊಂದು ಸುತ್ತು. ಆ ಸುತ್ತು ಕಂಡರೆ ಪಾಲಿಶ್‌ನವನು ತಲೆ ಚಚ್ಚಿಕೊಳ್ಳುತ್ತಿದ್ದ. "ಅಕ್ಕಾ, ನಿಮ್ಮ ಕೈಗೆ ಕಣ್ಣು ಬೀಳ!" ಎನ್ನುತ್ತಿದ್ದ. "ಕಣ್ಣು ಇದ್ದಿದ್ರೆ ನೋಡಿನೇ ಹೇಳ್ತಿದ್ದೆ, ಮುಟ್ಟೋದ್ಯಾಕೆ?" ಎಂದು ಅವಳು ನಗುತ್ತಿದ್ದಳು.

ಹೀಗಿದ್ದವಳು ಒಂದು ಬೆಳಿಗ್ಗೆ ಒಲೆಯ ಮೇಲಿದ್ದ ಬಾಣಲೆಯ ಹಿಡಿಯನ್ನು ಮರೆತು ಬರಿಗೈಯಲ್ಲಿ ಹಿಡಿದಳು. ಅಂಗೈ ಬೆಂದು ಗುಳ್ಳೆ ಎದ್ದಿತು. ಗಾಯ ಮಾಯುವವರೆಗೆ ರಜೆ ಹಾಕಿದಳು. ಅವಳ ಜಾಗದಲ್ಲಿ ಮ್ಯಾನೇಜರು ತಮ್ಮ ಷಡ್ಡಕನ ಮಗನನ್ನು ನಿಲ್ಲಿಸಿದರು. ಅವನು ತಗಡು ಸವರಿದ್ದೇನೋ ನಿಜ. ಆದರೆ ಮೈ ಸವರಿದರೆ ಕಾಯಿಲೆ ಗೊತ್ತಾಗುವಂತಿದ್ದರೆ ಕ್ಷೌರಿಕರೆಲ್ಲ ಡಾಕ್ಟರಾಗಬೇಕಿತ್ತು.

ಆ ದಿನಗಳಲ್ಲಿ ದಾಟಿಹೋದ ಒಂದು ಬಾಗಿಲು ಕಪ್ಪು ಬಣ್ಣ ಬಳಿಸಿಕೊಂಡು, ಕಾರು ಸೇರಿ, ಯಾವನೋ ದೊಡ್ಡ ಕುಳದ ಮನೆ ಮುಂದೆ ಹೋಗಿ ನಿಂತಿತು. ಆತ ಕಾರು ಹತ್ತುವ ಮೊದಲು ಬಾಗಿಲಿನಲ್ಲಿ ತನ್ನ ಮುಖ ನೋಡಿಕೊಂಡನಂತೆ. ಮೂಗು ಸೊಟ್ಟಗೆ ಕಂಡಿತಂತೆ. ಕಾರು ವಾಪಸ್ಸು ಬಂತು. ಮೂಗೇ ಸೊಟ್ಟಗಿತ್ತೋ ಬಾಗಿಲೇ ಸೊಟ್ಟಗಿತ್ತೋ ಎಂದು ಕೇಳುವ ಎದೆಗಾರಿಕೆ ಕಂಪನಿಯಲ್ಲಿ ಯಾರಿಗೂ ಇರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ವಿಚಾರಣೆ ನಡೆಯಿತು. ಷಡ್ಡಕನ ಮಗನ ಹೆಸರು ಯಾರೂ ಎತ್ತಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತೆ, ತಪ್ಪೆಲ್ಲ ಅಂಗೈಯಕ್ಕನ ಅಡುಗೆಮನೆಯದು ಎಂದು ತೀರ್ಮಾನವಾಯಿತು.

ಮಾರನೆಯ ವಾರ ಸುರಕ್ಷತಾ ಅಧಿಕಾರಿ ಅವಳ ಮನೆಗೇ ಬಂದರು. ಮೂರನೇ ಮಹಡಿಯ ಚಿಕ್ಕ ಮನೆ; ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು. ಅಧಿಕಾರಿ ಒಳಗೆ ಬಂದವರೇ ಚೀಲದಿಂದ ಹಳದಿ ಹೆಲ್ಮೆಟ್ಟು ತೆಗೆದು ತಲೆಗೆ ಇಟ್ಟುಕೊಂಡರು. ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ಅತ್ತೆ ಚಾವಣಿಯ ಕಡೆ ನೋಡಿದರು.

"ಏನಪ್ಪಾ, ಮನೆ ಬೀಳುತ್ತಾ?"

"ಇಲ್ಲ ಅಮ್ಮ, ಇದು ನಿಯಮ. ಅಪಾಯದ ಜಾಗಕ್ಕೆ ಹೋಗುವಾಗ ಹಾಕ್ಕೋಬೇಕು."

"ನಾನು ಮೂವತ್ತು ವರ್ಷ ಈ ಅಪಾಯದ ಜಾಗದಲ್ಲೇ ಇದ್ದೆ. ನಂಗ್ಯಾರೂ ಟೊಪ್ಪಿ ಕೊಡ್ಲಿಲ್ಲ."

ಅಧಿಕಾರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಲೆಗೆ ಒಂದು ಕೆಂಪು ಚೀಟಿ ಅಂಟಿಸಿದರು. ತುರಿಯುವ ಮಣೆಗೆ ಒಂದು. ಚಾಕುವಿಗೆ, ಪಾತ್ರೆ ಉಜ್ಜುವ ತಂತಿ ನಾರಿಗೆ, ಮೆಣಸಿನಪುಡಿಯ ಡಬ್ಬಿಗೆ, ಬಿಸಿನೀರಿನ ನಲ್ಲಿಗೆ. ಸಾಬೂನನ್ನು ಮೂಸಿ ನೋಡಿ ಅದಕ್ಕೂ ಒಂದು. ಕೊನೆಗೆ ಅಡುಗೆಮನೆಯಲ್ಲಿ ಚೀಟಿಯಿಲ್ಲದೆ ಉಳಿದದ್ದು ಒಂದು ಕ್ಯಾಲೆಂಡರು ಮಾತ್ರ.

"ಮೇಡಂ, ನಿಮ್ಮ ಬಲಗೈ ಇನ್ಮೇಲೆ ಕಂಪನಿಯ ಆಸ್ತಿ. ಕೆಂಪು ಚೀಟಿ ಇರೋದನ್ನ ಮುಟ್ಟೋ ಹಾಗಿಲ್ಲ. ಮನೇಲೂ ಕೈಗವಸು ತೆಗೀಬಾರ್ದು. ನಾನು ಯಾವಾಗ ಬೇಕಾದ್ರೂ ಬಂದು ನೋಡ್ಬಹುದು."

"ಸಂಬಳ ಜಾಸ್ತಿ ಮಾಡ್ತಾರಾ?" ಅಂಗೈಯಕ್ಕ ಕೇಳಿದಳು.

"ಗೌರವ ಜಾಸ್ತಿ ಮಾಡಿದಾರಲ್ಲ ಮೇಡಂ."

ಅಷ್ಟು ಹೊತ್ತು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ ಗಂಡ ಮೆಲ್ಲಗೆ ಕೆಮ್ಮಿದ. ಅವನು ಪರದೆ ಅಂಗಡಿಯಲ್ಲಿ ಸೇಲ್ಸ್‌ಮನ್. ಕಿಟಕಿಯೇ ಇಲ್ಲದವನಿಗೂ ಪರದೆ ಮಾರುವಂಥ ಬಾಯಿ. "ಸಾರ್, ಹಾಗಾದ್ರೆ ಪಾತ್ರೆ?" ಎಂದು ಕೇಳಿದ. ಅಧಿಕಾರಿ ಅವನ ಎರಡೂ ಕೈಗಳನ್ನು ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇವು ಯಾರ ಆಸ್ತಿನೂ ಅಲ್ವಲ್ಲ?" ಎಂದು ಕೇಳಿ, ಹೆಲ್ಮೆಟ್ಟು ತೆಗೆದು ಮೆಟ್ಟಿಲಿಳಿದು ಹೋದರು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ಬಂದವು. ಸೊಸೆ ಬಂದ ದಿನವೇ ಸೌಟು ಕೆಳಗಿಟ್ಟಿದ್ದ ಅತ್ತೆ ಮತ್ತೆ ಸೌಟು ಹಿಡಿದರು. ಮೊದಲ ಎರಡು ದಿನ ಸೊಂಟ ನೋವು, ಮಂಡಿ ನೋವು, ನಮ್ಮ ಕಾಲದ ಕೈಗಳ ಕಥೆ. ಮೂರನೆಯ ದಿನ ಉಪ್ಪಿನ ಡಬ್ಬಿಯ ಜಾಗ ಬದಲಾಯಿತು. ನಾಲ್ಕನೆಯ ದಿನ ಚಮಚಗಳ ಡ್ರಾಯರು. ಒಂದು ವಾರ ಕಳೆಯುವುದರೊಳಗೆ ಅಡುಗೆಮನೆಯಲ್ಲಿ ಅಂಗೈಯಕ್ಕನಿಗೆ ಒಂದು ಲೋಟ ಹುಡುಕುವುದೂ ಕಷ್ಟವಾಯಿತು. ಅತ್ತೆಯ ಮಂಡಿ ನೋವಿನ ಸುದ್ದಿಯೂ ನಿಂತಿತು.

ಗಂಡನ ಪಾಡು ಬೇರೆ. ಪಾತ್ರೆ ತೊಳೆಯುವುದೆಂದರೆ ನೀರು ತೋರಿಸುವುದು ಎಂದುಕೊಂಡಿದ್ದ. ಅತ್ತೆ ತಟ್ಟೆಯನ್ನು ಬೆಳಕಿಗೆ ಹಿಡಿದು, "ಮಗನೇ, ಇದರಲ್ಲಿ ನಿನ್ನೆಯ ಊಟನೂ ಇದೆ, ಮೊನ್ನೆಯದೂ ಇದೆ" ಎಂದು ವಾಪಸ್ಸು ಕೊಡುತ್ತಿದ್ದರು. ಸಿಂಕಿನ ಮೇಲೇ ಕಿಟಕಿ. ಬೀದಿಯಾಚೆ, ಎದುರು ಮನೆಯ ಕಿಟಕಿಯಲ್ಲಿ ರಿಟೈರಾದ ಡ್ರಾಯಿಂಗ್ ಟೀಚರಮ್ಮ ಸದಾ ಹಾಜರು. ಗಂಡಸೊಬ್ಬ ತೋಳು ಮಡಚಿ ಪಾತ್ರೆ ಉಜ್ಜುವುದನ್ನು ಆಕೆ ಕಂಡಮೇಲೆ ಬೀದಿಗೆಲ್ಲ ಡಂಗುರ ಸಾರಿದಂತೆಯೇ. ಮಾನ ಉಳಿಸಿಕೊಳ್ಳಲು ಅವನಿಗೆ ಒಂದೇ ದಾರಿ ಇತ್ತು: ಹೆಂಡತಿಯ ಕೈಯನ್ನು ಆಕಾಶಕ್ಕೇರಿಸುವುದು. "ಸಾಮಾನ್ಯ ಕೈ ಅಲ್ಲ ಟೀಚರಮ್ಮ, ಕಂಪನಿಯವರು ಹೆಲ್ಮೆಟ್ ಹಾಕ್ಕೊಂಡು ಬಂದು ನೋಡ್ಕೊಂಡು ಹೋದ ಕೈ!" ಅಂಗಡಿಗೆ ಬಂದ ಗಿರಾಕಿಗಳಿಗೂ ಪರದೆಯ ಜೊತೆ ಇದೇ ಕಥೆಯನ್ನು ಮೀಟರುಗಟ್ಟಲೆ ಹರಿದುಕೊಟ್ಟ. ಹೇಳಿ ಹೇಳಿ ಅವನೇ ನಂಬಿದ. ಹೂವಿನ ಜೊತೆ ನಾರೂ ಮೇಲೇರಿತು. ಬೀದಿಯಲ್ಲಿ ಅವನಿಗೆ ಮೊದಲಿಲ್ಲದ ಮರ್ಯಾದೆ ಬಂತು.

ಜನ ಮನೆಗೇ ಬರತೊಡಗಿದರು. ಮೇಲಿನ ಮನೆಯಾತ ಹೊಸದಾಗಿ ಗಿಲಾವು ಮಾಡಿಸಿದ ಗೋಡೆಯನ್ನು ಅವಳಿಂದ ಸವರಿಸಿ, ಮೇಸ್ತ್ರಿಯ ಜೊತೆ ಜಗಳ ತೆಗೆದ. ಇನ್ಯಾರೋ ಕಲ್ಲಂಗಡಿ ತಂದರು. ಟೀಚರಮ್ಮ ಹೊಸ ಕೋಟು ಹೊತ್ತು ಬಂದು, "ಇದು ಅಸಲಿ ಉಣ್ಣೆನಾ, ಸ್ವಲ್ಪ ಮುಟ್ಟಿ ಹೇಳಮ್ಮ" ಎಂದರು. ಅಂಗೈಯಕ್ಕನಿಗೆ ಉಣ್ಣೆಯ ಗಂಧವೂ ಗೊತ್ತಿರಲಿಲ್ಲ. ಕೈಗವಸಿನ ಕೈಯನ್ನು ಗಂಭೀರವಾಗಿ ಆಡಿಸಿ, "ಎಡತೋಳು ಬಲತೋಳಿಗಿಂತ ಚೆನ್ನಾಗಿದೆ" ಎಂದಳು. ಟೀಚರಮ್ಮ ಆ ಚಳಿಗಾಲವೆಲ್ಲ ಎಡತೋಳನ್ನೇ ಜನರ ಕಡೆ ತಿರುಗಿಸಿಕೊಂಡು ಓಡಾಡಿದರು.

ಇಷ್ಟೆಲ್ಲದರ ನಡುವೆ ಅಂಗೈಯಕ್ಕ ಕೂತಳು. ಹೇಳಲಿಕ್ಕೆ ದೊಡ್ಡ ವಿಷಯವಲ್ಲ. ಆದರೆ ಮದುವೆಯಾದಂದಿನಿಂದ, ಕೆಲಸದಿಂದ ಬಂದು ಚಪ್ಪಲಿ ಬಿಟ್ಟು, ಬೇರೇನೂ ಮಾಡದೆ ಸುಮ್ಮನೆ ಕುರ್ಚಿಯಲ್ಲಿ ಕೂತದ್ದು ಅವಳಿಗೆ ನೆನಪಿರಲಿಲ್ಲ. ಮೊದಲು ಮುಳ್ಳಿನ ಮೇಲೆ ಕೂತಂತಾಯಿತು. ಒಳಗೆ ಪಾತ್ರೆ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಆಮೇಲೆ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಆಮೇಲೆ ಕತ್ತು ಮಾತ್ರ ತಿರುಗಿಸುತ್ತಿದ್ದಳು. ಕೊನೆಕೊನೆಗೆ ಅದೂ ಇಲ್ಲ. ರೇಡಿಯೋ ಹಚ್ಚಿ, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಸಂಜೆಯ ಬಿಸಿಲು ಎದುರು ಗೋಡೆಯ ಮೇಲೆ ಏರಿ ಮಾಯವಾಗುವುದನ್ನು ನೋಡುತ್ತಿದ್ದಳು. ಸಂಜೆಗೆ ಇಷ್ಟು ಉದ್ದವಿದೆ ಎಂಬುದು ಅವಳಿಗೆ ಹೊಸ ಸುದ್ದಿ.

ಹೀಗಿರುವಾಗ ಕಾರ್ಖಾನೆಗೆ ಯಂತ್ರ ಬಂತು.

ಉದ್ದನೆಯ ತೋಳು, ತೋಳಿನ ತುದಿಗೆ ನೀಲಿ ಬೆಳಕು. ಬಾನೆಟ್ಟನ್ನು ಅದರ ಕೆಳಗಿಟ್ಟರೆ ತಾನೇ ಬಗ್ಗಿ, ತಾನೇ ತಿರುಗಿ, ಪರದೆಯ ಮೇಲೆ ಏರುಪೇರನ್ನೆಲ್ಲ ಬಣ್ಣಬಣ್ಣವಾಗಿ ತೋರಿಸುತ್ತಿತ್ತು. ಯಂತ್ರದ ಜೊತೆ ಬಂದ ಎಂಜಿನಿಯರು ಒಳ್ಳೆಯ ಹುಡುಗಿ. ಅಂಗೈಯಕ್ಕನನ್ನು ಮೊದಲು ಸವರಲು ಬಿಟ್ಟಳು. ಅಂಗೈಯಕ್ಕ ಎರಡು ಸಲ ಸವರಿ, "ಇದು ಸರಿಯಾಗಿದೆ" ಎಂದಳು. ಯಂತ್ರ ಒಂದು ಮೂಲೆಯಲ್ಲಿ ಕೆಂಪು ತೋರಿಸಿತು. ಅಂಗೈಯಕ್ಕ ಮತ್ತೆ ಸವರಿದಳು. ಏನೂ ಇಲ್ಲ. ಪಾಲಿಶ್‌ನವನು ಅಕ್ಕನೇ ಗೆಲ್ಲಲಿ ಎಂಬ ಆಸೆಯಿಂದ ಉಜ್ಜುಗಲ್ಲು ತಂದು ಆ ಮೂಲೆಯ ಮೇಲೆ ಆಡಿಸಿದ. ಕಲ್ಲು ಸುತ್ತಲೂ ಹೊಳಪು ಮೂಡಿಸಿ ನಡುವೆ ಒಂದು ಕಾಳಿನಷ್ಟು ಜಾಗ ಮುಟ್ಟದೆ ಬಿಟ್ಟಿತು. ತಗ್ಗು ಇದ್ದದ್ದು ನಿಜ.

ಎಲ್ಲರೂ ಅವಳ ಮುಖ ನೋಡಿದರು. ಅವಳು ತಗಡಿನ ಮೇಲಿಂದ ಕೈ ತೆಗೆದಳು. ಕುಣಿಯಲಾರದೆ ನೆಲ ಡೊಂಕು ಎನ್ನುವ ಜಾಯಮಾನ ಅವಳದಲ್ಲ. "ನನಗೆ ಸಿಗ್ಲಿಲ್ಲ, ಅದಕ್ಕೆ ಸಿಕ್ತು" ಎಂದು ಒಪ್ಪಿಕೊಂಡಳು.

ಮ್ಯಾನೇಜರು ಚಪ್ಪಾಳೆ ತಟ್ಟಿಸಿದರು. ಅವಳಿಗೆ ಹಸಿರು ಗುಂಡಿ ಒತ್ತುವ ಮತ್ತು ಯಂತ್ರದ ಕಣ್ಣಿನ ಗಾಜು ಒರೆಸುವ ಕೆಲಸ ಕೊಟ್ಟರು. ಸುರಕ್ಷತಾ ಅಧಿಕಾರಿ ಬಂದು ಬಲಗೈ ಕುಲುಕಿದರು. "ಅಭಿನಂದನೆ ಮೇಡಂ! ನಿಮ್ಮ ಕೈ ಬಿಡುಗಡೆ ಆಯ್ತು. ಇನ್ಮೇಲೆ ಮನೇಲಿ ಏನು ಬೇಕಾದ್ರೂ ತೊಳೀಬಹುದು."

ಬಿಡುಗಡೆಯ ಸುದ್ದಿಯನ್ನು ಅವಳು ಮನೆಗೆ ಒಯ್ಯಲಿಲ್ಲ. ಹೇಳಬಾರದೆಂದು ಲೆಕ್ಕ ಹಾಕಿದ್ದೇನಲ್ಲ. ಬಾಗಿಲು ತೆಗೆದಾಗ ಗಂಡ ಸಿಂಕಿನ ಮುಂದೆ ಏನೋ ಹಾಡು ಗುನುಗುತ್ತಿದ್ದ, ಅತ್ತೆ ಹೊಸ ಅಡುಗೆಯ ಪ್ರಯೋಗದಲ್ಲಿದ್ದರು, ಕುರ್ಚಿ ಖಾಲಿ ಇತ್ತು. ನಾಳೆ ಹೇಳೋಣ ಎಂದು ಕೂತಳು. ನಾಳೆಯೂ ಕುರ್ಚಿ ಖಾಲಿಯೇ ಇತ್ತು. ಹೀಗೆ ನಾಳೆಗಳೆಲ್ಲ ಸೇರಿ ತಿಂಗಳುಗಳಾದವು. ಸಂಜೆ ಮೆಟ್ಟಿಲು ಹತ್ತುವಾಗ ಚೀಲದಿಂದ ಕೈಗವಸು ತೆಗೆದು ತೊಟ್ಟುಕೊಳ್ಳುವುದು ಅಭ್ಯಾಸವಾಯಿತು.

"ಹೇಗಿತ್ತೇ ಇವತ್ತು?" ಗಂಡ ಕೇಳುತ್ತಿದ್ದ.

"ಒಂದು ಮಡ್‌ಗಾರ್ಡು ತುಂಬ ಗೋಳು ಹುಯ್ಕೊಂಡ್ತು ರೀ."

"ಪಾಪ, ಕೂತ್ಕೋ, ಕೂತ್ಕೋ."

ಸುಳ್ಳು ಹೇಳುವವಳಿಗಿಂತ ಕೇಳುವವನಿಗೇ ಅದು ಹೆಚ್ಚು ರುಚಿಸುತ್ತಿತ್ತು. ಮಾರನೆಯ ದಿನ ಅಂಗಡಿಯಲ್ಲಿ ಆ ಮಡ್‌ಗಾರ್ಡಿಗೆ ರೆಕ್ಕೆಪುಕ್ಕ ಬೆಳೆಯುತ್ತಿತ್ತು.

ಆದರೆ ಯಂತ್ರಕ್ಕೂ ಒಂದು ದೌರ್ಬಲ್ಯವಿತ್ತು. ಹೊರಗಿನ ಬೆಳಕು ಬಿದ್ದರೆ ಅದರ ಲೆಕ್ಕ ತಪ್ಪುತ್ತಿತ್ತು. ಮಧ್ಯಾಹ್ನ ಕಿಟಕಿಯಿಂದ ಬಿಸಿಲಿಳಿದಾಗ ಸರಿಯಾದ ಬಾಗಿಲನ್ನೂ ತಿಪ್ಪೆಗೆ ಎಸೆಯುತ್ತಿತ್ತು. ಕೋಣೆಯ ಸುತ್ತ ದಪ್ಪನೆಯ ಕಪ್ಪು ಪರದೆ ಬೇಕು ಎಂದು ಎಂಜಿನಿಯರು ಹೇಳಿದಳು. ಊರಿನಲ್ಲಿ ಅಂಥ ಪರದೆ ಹೊಲಿಸಿಕೊಡುವ ಅಂಗಡಿ ಒಂದೇ.

ಅಳತೆ ಟೇಪು ಕೊರಳಿಗೆ ನೇತುಹಾಕಿಕೊಂಡು ಗಂಡ ಒಳಗೆ ಬಂದಾಗ ಅಂಗೈಯಕ್ಕ ಗಾಜು ಒರೆಸುತ್ತಿದ್ದಳು. ಬರಿಗೈಯಲ್ಲಿ. ಅವನಿಗೆ ಮೊದಲು ಅವಳು ಕಾಣಲಿಲ್ಲ. ಯಂತ್ರದ ತೋಳು ಅಡ್ಡವಿತ್ತು. ಅವನು ಆಗಲೇ ಎಂಜಿನಿಯರ ಹತ್ತಿರ ಶುರುಮಾಡಿಕೊಂಡಿದ್ದ.

"ಮೇಡಂ, ಇಲ್ಲಿ ಅಂಗೈಯಕ್ಕ ಅಂತ ಇದಾರಲ್ಲ, ನಾನು ಅವರ ಯಜಮಾನ. ಈ ಕಾರ್ಖಾನೆಗೆ ಅವಳ ಕೈಯೇ ಆಧಾರ ಅಂತಾರೆ. ನೀವು ಹೊಸಬ್ರು, ನಿಮಗೆ ಗೊತ್ತಿರಲಿಕ್ಕಿಲ್ಲ."

"ಗೊತ್ತಿಲ್ದೆ ಏನು? ಒಳ್ಳೆಯವರು. ಈ ಯಂತ್ರ ಬಂದ ಮೇಲೆ ಕೈ ಹಾಕಿ ನೋಡೋ ಪದ್ಧತಿನೇ ನಿಂತೋಯ್ತಲ್ಲ, ಆದ್ರೂ ಬೇಜಾರು ಮಾಡ್ಕೊಳ್ಲಿಲ್ಲ. ಅಗೋ, ಅಲ್ಲೇ ಇದಾರೆ, ಗುಂಡಿ ಒತ್ತೋದು ಅವರೇ."

ಯಂತ್ರದ ತೋಳು ಆಗಲೇ ಸರಿಯಬೇಕೆ? ಗಂಡ ಹೆಂಡತಿ ಮುಖಾಮುಖಿ ನಿಂತರು. ಅವನ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಅವಳು ಆ ಬಾಯಿ ಹೀಗೆ ಖಾಲಿಯಾಗಿದ್ದನ್ನು ಹಿಂದೆಂದೂ ನೋಡಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. ಅವನು ಟೇಪು ಬಿಚ್ಚಿ ಕಿಟಕಿ ಅಳೆದ. ಎತ್ತರ ಒಂದು ಸಲ, ಅಗಲ ಒಂದು ಸಲ. ಅವಳ ಪಕ್ಕದ ಕಿಟಕಿಯನ್ನೂ ಅಳೆದ. ಅವಳು ಟೇಪಿನ ತುದಿ ಹಿಡಿದುಕೊಂಡಳು.

ಸಂಜೆ ಬಸ್ಸು ಬಿಟ್ಟು ಅವಳು ನಡೆದೇ ಹೊರಟಳು. ದೊಡ್ಡ ರಸ್ತೆಯಲ್ಲಿ ಕಸದ ಲಾರಿಯೊಂದು ಕೆಟ್ಟು ನಿಂತು, ಹಿಂದೆ ವಾಹನಗಳ ಸಾಲು. ಆ ಸಾಲಿನಲ್ಲಿ ಅವಳ ಕಂಪನಿಯ ಕಾರೊಂದಿತ್ತು. ಗಾಳಿಗಿಂತ ಜೋರಾಗಿ ಓಡುತ್ತದೆಂದು ಕ್ಯಾಂಟೀನಿನ ಗೋಡೆಯ ಮೇಲೆ ಬರೆದಿದ್ದ ಕಾರು, ಕಸದ ವಾಸನೆ ಕುಡಿಯುತ್ತಾ ನಿಂತಿತ್ತು. ಕೆಂಪು ಬಣ್ಣ. ಬಿಡಿ ತಗಡುಗಳನ್ನಷ್ಟೇ ನೋಡಿದ್ದವಳು ಇಡೀ ಕಾರನ್ನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು. ಅವಳ ಕೈ ತಾನಾಗಿ ಬಾಗಿಲಿನ ಮೇಲೆ ಹೋಯಿತು. ಬಿಸಿ, ಸಣ್ಣ ಧೂಳು, ಅದರ ಕೆಳಗೆ ನೀರಿನಂತೆ ನುಣುಪು. ತನ್ನ ಕೈಯಿಂದ ದಾಟಿದ್ದೋ ಯಂತ್ರದ ಕೈಯಿಂದ ದಾಟಿದ್ದೋ, ಗೊತ್ತಾಗಲಿಲ್ಲ.

ಗಾಜು ಇಳಿಯಿತು. "ಏಯ್, ಕೈ ತೆಗೀರಿ! ಕಲೆ ಆಗುತ್ತೆ! ನೀವೇನು ಮಾಡಿದ್ದಾ ಇದನ್ನ?"

"ಸ್ವಲ್ಪ" ಎಂದಳು. ಆತನಿಗೆ ಅದು ಕೇಳಿಸಲಿಲ್ಲ; ಗಾಜು ಮೇಲೇರಿತ್ತು.

ಮನೆಗೆ ಬಂದಾಗ ಗಂಡ ಸಿಂಕಿನ ಮುಂದಿದ್ದ. ಹಾಡಿರಲಿಲ್ಲ. ಅತ್ತೆ ಮೊಟ್ಟೆ ಕಲಕುತ್ತಿದ್ದರು. ಅಂಗೈಯಕ್ಕ ಬರಿಗೈಯಲ್ಲೇ ಒಳಗೆ ಬಂದು ನಿಂತಳು.

"ಎಷ್ಟು ದಿನ ಆಯ್ತು?" ಅವನು ತಿರುಗದೆ ಕೇಳಿದ.

"ಬೇಸಿಗೆ ಶುರುವಿನಲ್ಲಿ."

"ಈಗ ಮಳೆಗಾಲ ಮುಗೀತು."

"ಹೌದು."

"ಆ ಗೋಳು ಹುಯ್ಕೊಂಡ ಮಡ್‌ಗಾರ್ಡು?"

"ಇರ್ಲಿಲ್ಲ ರೀ."

ಅವನು ತಟ್ಟೆಯನ್ನು ಸಿಂಕಿನೊಳಗೆ ಬಿಟ್ಟ. "ಅದರ ಕಥೆ ನಾನು ಮೂರು ಮದುವೆ ಮನೇಲಿ ಹೇಳಿದೀನಲ್ಲೇ! ಪಾತ್ರೆ ತೊಳೆಸಿದ್ದು ಹಾಳಾಗಿಹೋಗ್ಲಿ. ಬೀದಿಯಲ್ಲಿ ನನ್ನ ಮುಖ ಏನಾಗ್ಬೇಕು?"

"ತಪ್ಪಾಯ್ತು. ಕೂತ್ಕೊಳ್ಳೋದು ರುಚಿ ಹತ್ತಿಬಿಡ್ತು. ಪಕ್ಕಕ್ಕೆ ಸರೀರಿ, ಇನ್ಮೇಲೆ ನಾನೇ ಮಾಡ್ತೀನಿ." ಅವಳು ತೋಳು ಮಡಚಿ ಸಿಂಕಿನ ಕಡೆ ನಡೆದಳು.

"ಬೇಡ!" ಎಂದು ತಾಯಿ ಮಗ ಇಬ್ಬರೂ ಒಟ್ಟಿಗೇ ಕೂಗಿದರು.

ಮಗ ಕಿಟಕಿ ತೋರಿಸಿದ. ಎದುರು ಕಿಟಕಿಯಲ್ಲಿ ಟೀಚರಮ್ಮ ಕನ್ನಡಕ ಒರೆಸಿಕೊಂಡು ಕೂತಿದ್ದರು. "ಅವರು ನೋಡಿದ್ರೆ ನಾಳೆಗೆ ಊರಿಗೆಲ್ಲ ಗೊತ್ತಾಗುತ್ತೆ. ಕೈಗವಸು ಹಾಕ್ಕೋ ಮೊದ್ಲು!"

ತಾಯಿಯ ಕಾರಣ ಬೇರೆಯಿತ್ತು. ಕಲಕುತ್ತಿದ್ದ ಬಟ್ಟಲನ್ನು ಎದೆಗವಚಿಕೊಂಡು ಹೇಳಿದರು: "ನೋಡಮ್ಮ, ನೀನು ಕೂತ್ಕೋ, ನಿಲ್ಲು, ಗುಂಡಿ ಒತ್ತು, ನನಗೇನೂ ಇಲ್ಲ. ಆದ್ರೆ ಈ ಅಡುಗೆಮನೆ ಮತ್ತೆ ನಿನ್ನ ಕೈಗೆ ಕೊಟ್ಟು, ನಾನು ಮೂಲೇಲಿ ಬಟಾಣಿ ಬಿಡಿಸ್ತಾ ಕೂರೋಳಲ್ಲ."

"ಅಂದ್ರೆ ಅತ್ತೆ, ನಿಮಗೆ ಮಂಡಿ ನೋವು..."

"ಕೂತಾಗ ಬರುತ್ತೆ."

ಗಂಡ ಸುಲಭಕ್ಕೆ ಸೋಲುವವನಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡು ದಿನ ಯೋಚಿಸಿ, ಕಾರ್ಖಾನೆಯ ಪರದೆ ಹೊಲಿಸಿ ಮಿಕ್ಕ ಕಪ್ಪು ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಅಡುಗೆಮನೆಯ ಕಿಟಕಿಗೆ ಅದನ್ನು ಕಟ್ಟಿದರಾಯಿತು: ಒಳಗೆ ಹೆಂಡತಿ ಪಾತ್ರೆ ತೊಳೆಯುತ್ತಾಳೆ, ಹೊರಗೆ ಅವಳ ಕೈಯ ಕೀರ್ತಿ ಹಾಗೇ ಉಳಿಯುತ್ತದೆ. ತನ್ನ ಉಪಾಯಕ್ಕೆ ತಾನೇ ಮನಸೋತು, ಸ್ಟೂಲು ಹತ್ತಿ ಪರದೆ ಏರಿಸಿದ. ಅಡುಗೆಮನೆ ಗವಿಯಾಯಿತು. ಅತ್ತೆ ಉಪ್ಪೆಂದು ಸಕ್ಕರೆ ಸುರಿದರು. ಆ ಅಡುಗೆಯನ್ನು ಎಲ್ಲರೂ ತಿಂದು ಮುಗಿಸಿದ ಮೇಲೆ ಎದ್ದು ಪರದೆ ಕಿತ್ತರು. ಕತ್ತರಿ ತಂದು, ಮಗನ ಎದೆಯ ಮೇಲೆ ಬಟ್ಟೆ ಹಿಡಿದು ಅಳತೆ ನೋಡಿ, ಮಧ್ಯಾಹ್ನದೊಳಗೆ ಅದಕ್ಕೆರಡು ಲಾಡಿ ಹೊಲಿದು ಏಪ್ರನ್ ಮಾಡಿಕೊಟ್ಟರು.

ಕಪ್ಪು ಏಪ್ರನ್ ಕಟ್ಟಿಕೊಂಡು ಸಿಂಕಿನ ಮುಂದೆ ನಿಂತ ಗಂಡನನ್ನು ಟೀಚರಮ್ಮ ಕಂಡವರೇ ಕಿಟಕಿಯಿಂದ ಕೂಗಿ ಕೇಳಿದರು: "ಎಷ್ಟು ಚೆನ್ನಾಗಿದೆ ಕಣಪ್ಪ! ಎಲ್ಲಿ ತಗೊಂಡೆ? ನಮ್ಮ ಅಳಿಯನಿಗೂ ಒಂದು ಬೇಕಿತ್ತು."

ಸೇಲ್ಸ್‌ಮನ್ ಎಂದರೆ ಸೇಲ್ಸ್‌ಮನ್. ಅವನ ಬಾಯಿ ಅವನಿಗಿಂತ ಮೊದಲು ಎಚ್ಚೆತ್ತಿತು. "ನಮ್ಮ ಅಂಗಡಿದೇ ಟೀಚರಮ್ಮ! ಕಾರಿನ ಕಾರ್ಖಾನೆಯ ಬಟ್ಟೆ. ನೀರು ಹಿಡಿಯಲ್ಲ, ಬೆಳಕು ತೂರಲ್ಲ, ಗಂಡಸರಿಗೇ ಅಂತ ವಿಶೇಷವಾಗಿ ಮಾಡಿಸಿದ್ದು!"

ಟೀಚರಮ್ಮನ ಅಳಿಯನಿಗೆ ಒಂದು ಹೋಯಿತು. ಮೇಲಿನ ಮನೆಯಾತನ ಹೆಂಡತಿ ಒಂದು ಒಯ್ದಳು. ಪಾಲಿಶ್‌ನವನ ಹೆಂಡತಿ ಬಸ್ಸು ಹತ್ತಿ ಬಂದು ಕೊಂಡಳು. ಮಾಲೀಕ ಖುಷಿಯಾಗಿ ಅಂಗಡಿಯ ಗಾಜಿನ ಹಿಂದೆ ಒಂದು ಗಂಡು ಗೊಂಬೆಗೆ ಏಪ್ರನ್ ತೊಡಿಸಿ, ಕೈಗೊಂದು ತಟ್ಟೆ ಕೊಟ್ಟು ನಿಲ್ಲಿಸಿದ. ಆ ಬೀದಿಯ ಗಂಡಸರು ಕೆಲಸಕ್ಕೆ ಹೋಗುವಾಗ ಆ ಗೊಂಬೆಯ ಕಡೆ ನೋಡದೆ ಮುಖ ತಿರುಗಿಸಿಕೊಂಡು ನಡೆಯುತ್ತಾರೆ. ಅಂಗೈಯಕ್ಕನ ಗಂಡ ಎದುರು ಸಿಕ್ಕರೆ ಮಾತಿಲ್ಲ, ಕಥೆಯಿಲ್ಲ, ಬರೀ ಗುರುಗುಟ್ಟುತ್ತಾರೆ. ಅವನು ಮಾತ್ರ ನಿಂತು, ಅವರ ಸೊಂಟದ ಸುತ್ತಳತೆಯನ್ನು ಕಣ್ಣಲ್ಲೇ ಅಳೆದು ಮುಂದೆ ಹೋಗುತ್ತಾನೆ.